ಹೆಬ್ಬೆರಳೇ ಬ್ರೇಕು: ಬ್ಯಾಸ್ ಮೀನು ಹಿಡಿಯೋಕೆ ಬೇಕಾದ ಅಷ್ಟಿಷ್ಟು ಮೆಕ್ಯಾನಿಕ್ಸ್

ನಮ್ಮ ಸಂಘದ ಪತ್ರಿಕೆಗೆ ಇದು ನನ್ನ ಮೊದಲ ಲೇಖನ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು ನಾನು. ಹತ್ತನೇ ಕ್ಲಾಸಿನ ಪರೀಕ್ಷೆ ಆದಮೇಲೆ ಇಷ್ಟುದ್ದ ಕನ್ನಡ ಬರೀತಾ ಇರೋದು ಇದೇ ಮೊದಲು. ಹಾಗಾಗಿ ಮಾತಾಡೋ ಹಾಗೇ ಬರೆದಿದೀನಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ವಿಷಯ ಬ್ಯಾಸ್ ಅನ್ನೋ ಮೀನು ಹಿಡಿಯೋದು. (ಬಾಸ್ ಅಲ್ಲ, ಬ್ಯಾಸ್. ನಾನೂ ಮೊದಲು ಬಾಸ್ ಅಂತ ಹೇಳಿ ನಗೆಪಾಟಲಾಗಿದ್ದೆ.) ಇಂಜಿನಿಯರಿಂಗಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ನಾವು ಈಗ ಓದ್ತಾ ಇರೋ ಕಂಟ್ರೋಲ್ ಸಿಸ್ಟಮ್ಸ್, ಹೋದ ವರ್ಷ ಓದಿದ ಫಿಸಿಕ್ಸು, ಮೆಟೀರಿಯಲ್ಸು, ಎಲ್ಲದರಿಂದ ಒಂದೊಂದು ಚೂರು ಅಂಗೈಯಲ್ಲಿ ಹಿಡಿಸುವ ಒಂದು ರೀಲಿನೊಳಗೆ ಸಿಕ್ಕತ್ತೆ. ಅದನ್ನ ನಾನು ಕ್ಲಾಸಲ್ಲಿ ಕಲೀಲಿಲ್ಲ, ಬೈಸಿಕೊಂಡು ಕಲಿತೆ. ಒಂದು ವಿಷಯವನ್ನಂತೂ ತಡವಾಗಿ ಕಲಿತೆ. ಅದನ್ನ ಕೊನೇಲಿ ಹೇಳ್ತೀನಿ.

ಹೋದ ವರ್ಷ ಎರಡನೇ ಸೆಮ್ ಮುಗಿದ ಮೇಲೆ ಜುಲೈನಲ್ಲಿ ಮೂರು ವಾರ ಅಮೆರಿಕದಲ್ಲಿ ಚಿಕ್ಕಪ್ಪನ ಮನೇಲಿದ್ದೆ. ಅವರಿರೋದು ಟೆಕ್ಸಾಸ್ ರಾಜ್ಯದ ಡಾಲಸ್ ಹತ್ತಿರ. ಹಾಸನ ಜಿಲ್ಲೆಯ ನಮ್ಮ ಊರಿನ ಕೆರೇಲಿ ಬಿದಿರು ಕೋಲು, ತಂಗೂಸಿ ದಾರ, ಬೆಂಡು, ಎರೆಹುಳ ಇಟ್ಕೊಂಡು ಜಿಲೇಬಿ ಮೀನು ಹಿಡಿದು ಬೆಳೆದ ಮನುಷ್ಯ ಅವರು. ಈಗ ಅವರ ಹತ್ತಿರ ಒಂದು ಅಲ್ಯೂಮಿನಿಯಂ ದೋಣಿ ಇದೆ. ಶನಿವಾರ ಆಯ್ತು ಅಂದ್ರೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ದೋಣಿಯನ್ನ ಗಾಡಿ ಹಿಂದೆ ಕಟ್ಕೊಂಡು, ಪೂರ್ವಕ್ಕಿರೋ ಲೇಕ್ ಫೋರ್ಕ್ ಅನ್ನೋ ಜಲಾಶಯಕ್ಕೆ ಹೊರಡ್ತಾರೆ. 17 ವರ್ಷ ಆದವರಿಗೆ ಅಲ್ಲಿ ಲೈಸೆನ್ಸ್ ಕಡ್ಡಾಯ. ಹೊರಗಿನಿಂದ ಬಂದವರಿಗೆ ಒಂದು ದಿನದ ಲೈಸೆನ್ಸೂ ಸಿಗತ್ತೆ, ನನಗೆ ಅದನ್ನೇ ಮಾಡಿಸಿದ್ರು.

ಮೊದಲನೇ ಸಲ ರಾಡ್ ಕೈಗೆ ಕೊಟ್ಟು "ಎಸಿ ಪುಟ್ಟ" ಅಂದ್ರು. ಕ್ರಿಕೆಟ್ ಆಡಿದ ಕೈ, ಬಲವಾಗಿ ಬೀಸಿದೆ. ಹುಳ ಐದು ಮೀಟರ್ ದೂರ ಹೋಗಿ ದೊಪ್ಪಂತ ಬಿತ್ತು. ರೀಲಿನೊಳಗೆ ಮಾತ್ರ ಗುಬ್ಬಿ ಗೂಡು ಕಟ್ಟಿದ ಹಾಗೆ ದಾರವೆಲ್ಲ ಗೋಜಲು! ಇದಕ್ಕೆ ಬ್ಯಾಕ್‌ಲ್ಯಾಶ್ ಅಂತಾರೆ. ಅದನ್ನ ಬಿಡಿಸೋಕೆ ಇಪ್ಪತ್ತು ನಿಮಿಷ ಹಿಡೀತು. ಎರಡನೇ ಸಲವೂ ಅದೇ ಆಯ್ತು, ಮೂರನೇ ಸಲವೂ ಅದೇ.

ಮೀನು ಎಲ್ಲಿರತ್ತೆ?

ರೀಲಿಗೆ ಹೋಗೋ ಮುಂಚೆ ಮೀನಿನ ಬಗ್ಗೆ ಎರಡು ಮಾತು. ನಾನು ಹೇಳ್ತಿರೋದು ಲಾರ್ಜ್‌ಮೌತ್ ಬ್ಯಾಸ್, ಅಂದ್ರೆ ದೊಡ್ಡ ಬಾಯಿಯದ್ದು. ಉತ್ತರ ಅಮೆರಿಕದ ಸಿಹಿನೀರಿನ ಮೀನು. ಹಸಿರು ಬೆನ್ನು, ಪಕ್ಕದಲ್ಲಿ ಒಂದು ಕಪ್ಪು ಪಟ್ಟೆ. ಇದು ಅಟ್ಟಿಸಿಕೊಂಡು ಹೋಗಿ ಬೇಟೆ ಆಡೋದು ಕಡಿಮೆ. ಮುಳುಗಿದ ಮರದ ನೆರಳಲ್ಲೋ, ಜೊಂಡಿನ ಅಂಚಲ್ಲೋ ಹೊಂಚು ಹಾಕಿ ನಿಂತಿರತ್ತೆ. ಪಕ್ಕದಲ್ಲಿ ಚಿಕ್ಕ ಮೀನು ಹಾದು ಹೋದ್ರೆ ಗಬಕ್. ಲೇಕ್ ಫೋರ್ಕ್ ಕಟ್ಟುವಾಗ ಬಹಳಷ್ಟು ಮರಗಳನ್ನ ಕಡಿಯದೆ ಹಾಗೇ ಬಿಟ್ಟು ನೀರು ತುಂಬಿಸಿದ್ರು. ಇವತ್ತಿಗೂ ಒಣ ಕಾಂಡಗಳು ನೀರಿಂದ ಮೇಲೆ ಎದ್ದು ನಿಂತಿವೆ. ನೋಡೋಕೆ ಬೇಸಿಗೇಲಿ ಹಳೇ ಊರು ಕಾಣಿಸೋ ನಮ್ಮ ಹಿನ್ನೀರುಗಳ ಥರ. ಟೆಕ್ಸಾಸಿನ ಅತಿ ದೊಡ್ಡ ಬ್ಯಾಸ್ ಸಿಕ್ಕಿದ್ದು ಇಲ್ಲೇ, 1992ರ ಜನವರಿಯಲ್ಲಿ. ತೂಕ 18.18 ಪೌಂಡು, ನಮ್ಮ ಲೆಕ್ಕದಲ್ಲಿ ಎಂಟೂಕಾಲು ಕಿಲೋ.

ವಿಶ್ವದಾಖಲೆಯ ಕಥೆ ಇನ್ನೂ ಚೆನ್ನಾಗಿದೆ. 1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರಿ ಅನ್ನೋ 20 ವರ್ಷದ ಹುಡುಗ 22 ಪೌಂಡ್ 4 ಔನ್ಸಿನ ಬ್ಯಾಸ್ ಹಿಡಿದ. ಅಂದ್ರೆ 10 ಕಿಲೋ ದಾಟಿದ ಮೀನು. ಆರ್ಥಿಕ ಕುಸಿತದ ಕಾಲ ಅದು. ತೂಕ ಹಾಕಿಸಿ, ಮನೆಗೆ ತಗೊಂಡು ಹೋಗಿ, ಮನೆಯವರೆಲ್ಲ ತಿಂದ್ರು. 2009ರಲ್ಲಿ ಜಪಾನಿನ ಬೀವಾ ಸರೋವರದಲ್ಲಿ ಮನಾಬು ಕುರಿತಾ ಒಂದು ಔನ್ಸಿನಷ್ಟು ಹೆಚ್ಚು ತೂಕದ್ದು ಹಿಡಿದ್ರು. ಆದರೆ ಈ ತೂಕದಲ್ಲಿ ದಾಖಲೆ ಮುರೀಬೇಕು ಅಂದ್ರೆ ಕನಿಷ್ಠ 2 ಔನ್ಸ್ ಹೆಚ್ಚಿರಬೇಕು ಅನ್ನೋ ನಿಯಮ ಇದೆ. ಹಾಗಾಗಿ ಇಬ್ಬರ ಹೆಸರೂ ಜೊತೆಗೇ ಇದೆ.

ರೀಲಿನ ಲೆಕ್ಕ

ಈಗ ಗುಬ್ಬಿ ಗೂಡಿನ ವಿಷಯ. ಬ್ಯಾಸ್ ಹಿಡಿಯೋರು ಹೆಚ್ಚಾಗಿ ಬಳಸೋದು ಬೈಟ್‌ಕಾಸ್ಟಿಂಗ್ ರೀಲ್. ಇದರಲ್ಲಿ ದಾರ ಸುತ್ತಿರೋ ಸ್ಪೂಲ್ ಎಸೆಯುವಾಗ ತಾನೇ ಗಿರಗಿರ ತಿರುಗತ್ತೆ. ಗಾಳಿಪಟ ಹಾರಿಸುವಾಗ ಪಕ್ಕದವನು ಹಿಡಿದಿರ್ತಾನಲ್ಲ ದಾರದ ಉರುಳೆ, ಹಾಗೆ. ಪಟ ಎಳೀತಾ ಇರೋವರೆಗೂ ಉರುಳೆ ನೆಟ್ಟಗೆ ತಿರುಗತ್ತೆ. ಪಟ ಸಡನ್ನಾಗಿ ನಿಂತ್ರೆ? ಉರುಳೆಗೆ ಅದು ಗೊತ್ತಾಗಲ್ಲ, ತಿರುಗ್ತಾನೇ ಇರತ್ತೆ. ಕೆಳಗೆಲ್ಲ ದಾರ ರಾಶಿ.

ನಂಬರ್ ಹಾಕಿ ನೋಡೋಣ. ಹುಳ ರಾಡಿನಿಂದ ಬಿಟ್ಟಾಗ ವೇಗ ಸೆಕೆಂಡಿಗೆ 20 ಮೀಟರ್ ಅಂದುಕೊಳ್ಳಿ. ಸ್ಪೂಲಿನ ತ್ರಿಜ್ಯ 17 ಮಿಲಿಮೀಟರ್. ವೇಗವನ್ನ ತ್ರಿಜ್ಯದಿಂದ ಭಾಗಿಸಿದ್ರೆ ಸೆಕೆಂಡಿಗೆ ಸುಮಾರು 1,176 ರೇಡಿಯನ್. ಅಂದ್ರೆ 11,000 ಆರ್‌ಪಿಎಂಗಿಂತ ಜಾಸ್ತಿ! ನಮ್ಮ ಬೈಕಿನ ಇಂಜಿನ್ ಕಿರುಚಿಕೊಳ್ಳೋ ವೇಗ, ಅದೂ ನಿಂತಲ್ಲಿಂದ ಕಣ್ಣು ಮಿಟುಕಿಸೋಷ್ಟರಲ್ಲಿ.

ಇನ್ನೊಂದು ಲೆಕ್ಕ ಮಾಡಿದಾಗ ನನಗೆ ನಿಜವಾಗ್ಲೂ ಆಶ್ಚರ್ಯ ಆಯ್ತು. ಸ್ಪೂಲು, ಮೇಲಿನ ದಾರ ಸೇರಿ 20 ಗ್ರಾಂ ಇಟ್ಕೊಳ್ಳಿ, ಅದನ್ನ ಗಟ್ಟಿ ಡಿಸ್ಕ್ ಅಂತ ಭಾವಿಸಿ. ತಿರುಗೋ ಡಿಸ್ಕಿನ ಶಕ್ತಿ ಅದರ ತೂಕದ ಕಾಲು ಭಾಗ ಗುಣಿಸು ಅಂಚಿನ ವೇಗದ ವರ್ಗ. ಅಂದ್ರೆ 2 ಜೂಲ್. 14 ಗ್ರಾಂ ತೂಕದ ಹುಳ ಅದೇ ವೇಗದಲ್ಲಿ ಹಾರುವಾಗ ಅದರ ಶಕ್ತಿ 2.8 ಜೂಲ್. ಅಂದ್ರೆ ನಾವು ಎಸೀತಿರೋದು ಹುಳವನ್ನ ಮಾತ್ರ ಅಲ್ಲ, ಹೆಚ್ಚುಕಮ್ಮಿ ಅಷ್ಟೇ ಶಕ್ತಿಯನ್ನ ಕೈಯಲ್ಲಿರೋ ಸ್ಪೂಲಿಗೂ ತುಂಬ್ತಾ ಇದೀವಿ. 5 ಗ್ರಾಂನ ಸಣ್ಣ ಹುಳ ಆದ್ರೆ ಅದಕ್ಕೆ ಸಿಗೋದು 1 ಜೂಲ್, ಸ್ಪೂಲಿಗೆ ಅದರ ಎರಡರಷ್ಟು. ಹಗುರ ಹುಳಕ್ಕೆ ಈ ರೀಲ್ ಯಾಕೆ ಒಗ್ಗಲ್ಲ ಅಂತ ಇಲ್ಲೇ ಗೊತ್ತಾಗತ್ತೆ. ಅದಕ್ಕೆ ಸ್ಪಿನ್ನಿಂಗ್ ರೀಲ್ ಅಂತ ಬೇರೆ ಇದೆ. ಅದರ ಸ್ಪೂಲು ಎಸೆಯುವಾಗ ತಿರುಗೋದೇ ಇಲ್ಲ, ದಾರ ತುದಿಯಿಂದ ಸುರುಳಿ ಸುರುಳಿಯಾಗಿ ಜಾರಿ ಹೋಗತ್ತೆ. ಹೊಸಬರು ಅದರಲ್ಲೇ ಶುರು ಮಾಡೋದು ಜಾಣತನ. ನನಗೆ ಆ ಜಾಣತನ ಇರಲಿಲ್ಲ, ಚಿಕ್ಕಪ್ಪನ ಹತ್ತಿರ ಖಾಲಿ ಇದ್ದದ್ದೂ ಬೈಟ್‌ಕಾಸ್ಟರ್ರೇ.

ಹುಳ ಗಾಳೀಲಿ ಹೋಗ್ತಾ ಹೋಗ್ತಾ ಡ್ರ್ಯಾಗ್‌ನಿಂದ ನಿಧಾನ ಆಗತ್ತೆ. ಸ್ಪೂಲಿಗೆ ಅಂಥ ತಡೆ ಇಲ್ಲ. ಎರಡರ ವೇಗದ ವ್ಯತ್ಯಾಸ ಎಷ್ಟೋ ಅಷ್ಟು ದಾರ ರೀಲಿನೊಳಗೇ ಉಳಿದು ಗೋಜಲಾಗತ್ತೆ. ಎದುರುಗಾಳಿ ಇದ್ದರೆ ಇನ್ನೂ ಕಷ್ಟ. ಇದನ್ನ ತಡೆಯೋಕೆ ರೀಲಿನಲ್ಲಿ ಮೂರು ಥರದ ಬ್ರೇಕ್ ಇರತ್ತೆ. ಎಲ್ಲ ರೀಲಲ್ಲೂ ಮೂರೂ ಇರಲ್ಲ.

ಒಂದು, ಪಕ್ಕದಲ್ಲಿರೋ ಟೆನ್ಷನ್ ನಾಬ್. ಇದು ಸ್ಪೂಲಿನ ಅಕ್ಷವನ್ನ ಒತ್ತಿ ಹಿಡಿಯತ್ತೆ, ಬರೀ ಘರ್ಷಣೆ. ಹುಳ ನೇತು ಹಾಕಿ ಬಟನ್ ಒತ್ತಿದಾಗ ಅದು ಮೆಲ್ಲಗೆ ಇಳೀಬೇಕು, ನೆಲಕ್ಕೆ ತಾಗಿದ ತಕ್ಷಣ ಸ್ಪೂಲು ನಿಲ್ಲಬೇಕು. ಅಷ್ಟಕ್ಕೆ ಸೆಟ್ ಮಾಡ್ಕೊಳ್ಳಿ. ಹುಳ ಬದಲಾಯಿಸಿದಾಗಲೆಲ್ಲ ಮತ್ತೆ ನೋಡ್ಕೋಬೇಕು. ಎರಡು, ಸೆಂಟ್ರಿಫ್ಯೂಗಲ್ ಬ್ರೇಕ್. ಸ್ಪೂಲಿನಲ್ಲಿರೋ ಪುಟ್ಟ ಪ್ಲಾಸ್ಟಿಕ್ ತುಂಡುಗಳು ತಿರುಗುವಾಗ ಹೊರಕ್ಕೆ ಜಾರಿ ಒಂದು ಬಳೆಗೆ ಉಜ್ಜುತ್ತವೆ. ವೇಗ ಎರಡರಷ್ಟಾದ್ರೆ ಒತ್ತಡ ನಾಲ್ಕರಷ್ಟು. ಹಾಗಾಗಿ ಎಸೆದ ಮೊದಲ ಕ್ಷಣದಲ್ಲೇ ಇದರ ಕೆಲಸ ಜಾಸ್ತಿ. ಮೂರು, ಮ್ಯಾಗ್ನೆಟಿಕ್ ಬ್ರೇಕ್. ಅಲ್ಯೂಮಿನಿಯಂ ಸ್ಪೂಲಿಗೆ ಅಯಸ್ಕಾಂತ ಅಂಟಲ್ಲ, ಆದರೆ ಪಕ್ಕದಲ್ಲಿ ಅಯಸ್ಕಾಂತ ಇಟ್ಟು ತಿರುಗಿಸಿದ್ರೆ ಎಡ್ಡಿ ಕರೆಂಟ್ ಹುಟ್ಟಿ ತಿರುಗೋದನ್ನ ತಡೆಯತ್ತೆ. ಪಿಯುಸಿಯಲ್ಲಿ ತಾಮ್ರದ ಪೈಪಿನೊಳಗೆ ಅಯಸ್ಕಾಂತ ಬಿಟ್ಟು ತೋರಿಸಿದ್ರಲ್ಲ, ಅದೇ ಲೆನ್ಜ್ ನಿಯಮ. ಮುಟ್ಟದೇ ಹಿಡಿಯೋ ಬ್ರೇಕ್. ಶಿಮಾನೋ ಕಂಪನಿಯವರು ಇನ್ನೊಂದು ಹೆಜ್ಜೆ ಹೋಗಿ ರೀಲಿನೊಳಗೆ ಮೈಕ್ರೋಕಂಪ್ಯೂಟರ್ ಇಟ್ಟಿದಾರೆ. ಅದಕ್ಕೆ ಬ್ಯಾಟರಿ ಬೇಡ, ಸ್ಪೂಲು ತಿರುಗಿದಾಗ ಹುಟ್ಟೋ ಕರೆಂಟೇ ಸಾಕು.

ಬೆಲೆ ಕಟ್ಟಿದಷ್ಟೂ ಬ್ರೇಕ್ ಸಿಗತ್ತೆ. ಎಲ್ಲವನ್ನೂ ಫುಲ್ ಇಟ್ರೆ ಗೋಜಲೂ ಆಗಲ್ಲ, ಹುಳ ದೂರಾನೂ ಹೋಗಲ್ಲ. ಜೊತೆಗೆ ನಾಬು, ಪ್ಲಾಸ್ಟಿಕ್ ತುಂಡು, ಅಯಸ್ಕಾಂತ ಮೂರಕ್ಕೂ ಹುಳ ಎಲ್ಲಿದೆ ಅಂತ ಗೊತ್ತಿಲ್ಲ. ಕಂಟ್ರೋಲ್ ಕ್ಲಾಸಿನ ಭಾಷೇಲಿ ಇವು ಓಪನ್ ಲೂಪ್. ಹುಳ ನೀರಿಗೆ ಬಿದ್ದ ಕ್ಷಣ ಅದರ ವೇಗ ಸೊನ್ನೆಗೆ ಬರತ್ತೆ, ಸ್ಪೂಲು ಇನ್ನೂ ಓಡ್ತಾನೇ ಇರತ್ತೆ. ನನ್ನ ಗೂಡುಗಳಲ್ಲಿ ಮುಕ್ಕಾಲು ಪಾಲು ಕಟ್ಟಿದ್ದು ಆ ಕ್ಷಣದಲ್ಲೇ.

ಅಲ್ಲಿ ಬೇಕಾಗಿರೋದು ಹೆಬ್ಬೆರಳು. ಎಸೆಯೋ ಮುಂಚೆ ಸ್ಪೂಲಿನ ಮೇಲೆ ಒತ್ತಿ ಹಿಡಿದಿರಬೇಕು, ರಾಡ್ ಮುಂದೆ ಬಂದಾಗ ಸಡಿಲ ಬಿಡಬೇಕು, ಪೂರ್ತಿ ಎತ್ತಬಾರದು. ದಾರದ ಮೇಲೆ ಬೆರಳು ಗರಿ ತಾಗಿದ ಹಾಗೆ ತೇಲ್ತಾ ಇರಬೇಕು. ಸ್ಪೂಲು ಅತಿಯಾಗಿ ಓಡೋಕೆ ಶುರು ಆದ್ರೆ ದಾರದ ಸುತ್ತುಗಳು ಉಬ್ಬಿ ಬೆರಳಿಗೆ ಕಚಗುಳಿ ಇಟ್ಟ ಹಾಗೆ ತಾಗುತ್ತವೆ. ಆಗ ಚೂರೇ ಚೂರು ಒತ್ತಬೇಕು. ಹುಳ ನೀರು ಮುಟ್ಟೋಕೆ ಸ್ವಲ್ಪ ಮುಂಚೆ ಪೂರ್ತಿ ಒತ್ತಿ ನಿಲ್ಲಿಸಬೇಕು. ಸೆನ್ಸರೂ ಅದೇ ಬೆರಳು, ಆಕ್ಚುಯೇಟರೂ ಅದೇ ಬೆರಳು. ಈ ಸೆಮ್‌ನಲ್ಲಿ ಸರ್ ಬೋರ್ಡಿನ ಮೇಲೆ ಕ್ಲೋಸ್ಡ್ ಲೂಪ್ ಬ್ಲಾಕ್ ಡಯಾಗ್ರಾಂ ಬರೆದಾಗ ನನ್ನ ಹೆಬ್ಬೆರಳು ತಾನಾಗೇ ಡೆಸ್ಕಿನ ಮೇಲೆ ಒತ್ಕೊಂಡಿತ್ತು.

ಇದು ಓದಿ ಬರಲ್ಲ. ಚಿಕ್ಕಪ್ಪ ಹುಕ್ ತೆಗೆದು ಬರೀ ಒಂದು ತೂಕ ಕಟ್ಟಿಕೊಟ್ಟು ಮನೆ ಹಿಂದಿನ ಹುಲ್ಲಿನ ಮೇಲೆ ಎರಡು ಸಂಜೆ ಬಿಟ್ರು. ಬಕೆಟ್ ಇಟ್ಕೊಂಡು ಅದರೊಳಗೆ ಬೀಳಿಸೋ ಆಟ. ಮೊದಲು ಬ್ರೇಕ್ ಎಲ್ಲ ಜಾಸ್ತಿ ಇಟ್ಟು, ಕೈ ಕುದುರಿದ ಹಾಗೆ ಒಂದೊಂದು ಪಾಯಿಂಟ್ ಇಳಿಸಬೇಕು. ಗೋಜಲಾದಾಗ ಕಂಡಕಂಡಲ್ಲಿ ಎಳೀಬೇಡಿ. ಸ್ಪೂಲನ್ನ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ, ಹ್ಯಾಂಡಲ್ ಎರಡು ಸುತ್ತು ತಿರುಗಿಸಿ, ಆಮೇಲೆ ದಾರ ಎಳೆದ್ರೆ ಬಹಳಷ್ಟು ಸಲ ಬಿಟ್ಕೊಳ್ಳತ್ತೆ. ಈ ಉಪಾಯ ಮೊದಲನೇ ದಿನಾನೇ ಹೇಳಬಹುದಿತ್ತು ಅವರು!

ದಾರ ಮತ್ತು ಹುಳ

ದಾರದಲ್ಲಿ ಮೂರು ಜಾತಿ. ನೈಲಾನ್, ಫ್ಲೋರೋಕಾರ್ಬನ್, ಮತ್ತೆ ಪಾಲಿಎಥಿಲೀನ್ ಎಳೆಗಳನ್ನ ಹೆಣೆದ ಬ್ರೇಡ್. ಸಾಂದ್ರತೆ ನೋಡಿದ್ರೆ ಯಾವುದು ಎಲ್ಲಿಗೆ ಅಂತ ಗೊತ್ತಾಗತ್ತೆ: ಬ್ರೇಡ್ 0.97, ತೇಲತ್ತೆ. ನೈಲಾನ್ 1.14, ನಿಧಾನಕ್ಕೆ ಮುಳುಗತ್ತೆ. ಫ್ಲೋರೋಕಾರ್ಬನ್ 1.78, ಬೇಗ ಮುಳುಗತ್ತೆ. ನೀರಿನ ಮೇಲೆ ಕುಣಿಸೋ ಹುಳಕ್ಕೆ ಫ್ಲೋರೋ ಕಟ್ಟಿದ್ರೆ ದಾರವೇ ಹುಳದ ಮೂತಿಯನ್ನ ಕೆಳಗೆ ಎಳೀತಾ ಇರತ್ತೆ. ಬೆಳಕಿನ ವಿಷಯಕ್ಕೆ ಬಂದ್ರೆ ನೀರಿನ ವಕ್ರೀಭವನ ಸೂಚ್ಯಂಕ 1.33, ಫ್ಲೋರೋದ್ದು 1.42, ನೈಲಾನಿನದ್ದು 1.5ಕ್ಕಿಂತ ಮೇಲೆ. ನೀರಿಗೆ ಹತ್ತಿರ ಇರೋದ್ರಿಂದ ಫ್ಲೋರೋ ಕಾಣೋದು ಕಡಿಮೆ. ನೈಲಾನ್ ತುಂಡಾಗೋ ಮುಂಚೆ ಚೆನ್ನಾಗಿ ಹಿಗ್ಗತ್ತೆ. ದೂರದಲ್ಲಿ ಮೀನು ಕಚ್ಚಿದಾಗ ನೀವು ಎಳೆದದ್ದೆಲ್ಲ ಆ ಹಿಗ್ಗುವಿಕೆಗೇ ಹೋಗಬಹುದು. ಬ್ರೇಡ್ ಹಿಗ್ಗೋದೇ ಇಲ್ಲ ಅನ್ನಬಹುದು.

ಗಂಟು ಬಿಗಿಯೋ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ. ಅಸಹ್ಯ ಅನ್ನಿಸಿದ್ರೂ ಕಾರಣ ಇದೆ. ಒಣ ಗಂಟು ಬಿಗಿಯುವಾಗ ಘರ್ಷಣೆಯ ಶಾಖಕ್ಕೆ ಪ್ಲಾಸ್ಟಿಕ್ ದಾರ ಅಲ್ಲೇ ದುರ್ಬಲ ಆಗತ್ತೆ.

ಮರ ತುಂಬಿರೋ ಲೇಕ್ ಫೋರ್ಕಿನಲ್ಲಿ ನಮ್ಮದು ಟೆಕ್ಸಾಸ್ ರಿಗ್. ದಾರಕ್ಕೆ ಮೊದಲು ಗುಂಡಿನಾಕಾರದ ತೂಕ ಪೋಣಿಸಿ, ಆಮೇಲೆ ಹುಕ್ ಕಟ್ಟಬೇಕು. ಹುಕ್ಕಿನ ಮೊನೆಯನ್ನ ಪ್ಲಾಸ್ಟಿಕ್ ಹುಳದ ತಲೆಗೆ ಅರ್ಧ ಸೆಂಟಿಮೀಟರ್ ಚುಚ್ಚಿ ಪಕ್ಕದಿಂದ ಹೊರಗೆ ತೆಗೆದು, ಹುಕ್ಕಿನ ಕಣ್ಣಿನವರೆಗೂ ಜಾರಿಸಿ, ತಿರುಗಿಸಿ, ಮೊನೆಯನ್ನ ಮತ್ತೆ ಹುಳದ ಮೈಯೊಳಗೆ ಹುದುಗಿಸಬೇಕು. ಮೊನೆ ಹೊರಗೆ ಕಾಣಲ್ಲ, ಹಾಗಾಗಿ ಕೊಂಬೆಗಳಿಗೆ ಸಿಕ್ಕಿಹಾಕ್ಕೊಳ್ಳೋದು ಕಮ್ಮಿ. ಮೀನು ಕಚ್ಚಿ ನಾವು ಜಗ್ಗಿದಾಗ ಮಾತ್ರ ಮೆತ್ತನೆ ಹುಳವನ್ನ ಸೀಳಿ ಹೊರಗೆ ಬರತ್ತೆ. ತೂಕಕ್ಕೆ ಸೀಸದ ಬದಲು ಟಂಗ್‌ಸ್ಟನ್ ಹಾಕ್ತಾರೆ. ಸೀಸದ ಸಾಂದ್ರತೆ 11.3, ಟಂಗ್‌ಸ್ಟನ್ನಿನದ್ದು 19.3. ಅದೇ ತೂಕ, ಗಾತ್ರ ಸಣ್ಣದು, ಗಟ್ಟಿ ಬೇರೆ. ತಳದಲ್ಲಿ ಕಲ್ಲು ತಾಗಿತೋ, ಮರ ತಾಗಿತೋ, ಕೆಸರು ತಾಗಿತೋ ಅಂತ ಕೈಗೆ ಗೊತ್ತಾಗತ್ತೆ. ಈ ಪ್ಲಾಸ್ಟಿಕ್ ಹುಳವನ್ನ ಒಹಾಯೋದಲ್ಲಿ ನಿಕ್ ಕ್ರೀಮ್ ಅನ್ನೋರು 1949ರಲ್ಲಿ ಮಾರುಕಟ್ಟೆಗೆ ತಂದ್ರು. ಆಮೇಲೆ ಅವರ ಕಂಪನಿ ಟೆಕ್ಸಾಸಿನ ಟೈಲರ್ ಊರಿಗೆ ಬಂತು. ಲೇಕ್ ಫೋರ್ಕಿಗೆ ಅದು ಪಕ್ಕದ ಊರೇ.

ಬ್ಯಾಸ್ ಕಚ್ಚೋದು ನಾನು ಅಂದುಕೊಂಡ ಹಾಗೆ ಇರಲಿಲ್ಲ. ಅದು ಹಲ್ಲಿಂದ ಕಚ್ಚಲ್ಲ, ಹೀರತ್ತೆ. ಬಾಯಿಯನ್ನ ಫಟ್ಟಂತ ಅಗಲಿಸಿದಾಗ ಒಳಗೆ ಒತ್ತಡ ಇಳಿದು, ಸುತ್ತಲಿನ ನೀರಿನ ಜೊತೆ ಹುಳವೂ ಒಳಗೆ ನುಗ್ಗತ್ತೆ. ನೀರು ಕಿವಿರಿನಿಂದ ಹೊರಗೆ ಹೋಗತ್ತೆ. ಕೈಗೆ ಬರೋದು ಒಂದು ಸಣ್ಣ 'ಟಕ್' ಮಾತ್ರ. ಕೆಲವು ಸಲ ಅದೂ ಇಲ್ಲ, ದಾರ ಸುಮ್ಮನೆ ಪಕ್ಕಕ್ಕೆ ಸರಿಯೋದು ಕಾಣತ್ತೆ. ಪ್ಲಾಸ್ಟಿಕ್ ಅಂತ ಗೊತ್ತಾದ್ರೆ ಅಷ್ಟೇ ಬೇಗ ಉಗುಳಿಬಿಡತ್ತೆ. ಊರ ಕೆರೇಲಿ ಬೆಂಡು ಮುಳುಗೋದನ್ನ ಕಾಯೋ ಹಾಗೆ ಇಲ್ಲಿ ಕಾಯೋಕಾಗಲ್ಲ.

ಜುಲೈನ ನೀರು

ಇಷ್ಟೊಂದು ದೊಡ್ಡ ನೀರಲ್ಲಿ ಹುಳ ಎಲ್ಲಿ ಹಾಕೋದು? ಬೇಸಿಗೇಲಿ ಇದಕ್ಕೆ ಅರ್ಧ ಉತ್ತರ ಥರ್ಮೋಡೈನಾಮಿಕ್ಸ್ ಕೊಡತ್ತೆ. ಮೇಲಿನ ನೀರು ಬಿಸಿಲಿಗೆ ಕಾದು ಹಗುರ ಆಗಿ ಮೇಲೇ ಉಳಿಯತ್ತೆ, ತಂಪು ನೀರು ಕೆಳಗೆ. ಎರಡೂ ಬೆರೆಯಲ್ಲ. ಮಧ್ಯದಲ್ಲಿ ತಾಪ ಥಟ್ಟಂತ ಇಳಿಯೋ ತೆಳು ಪದರ ಇರತ್ತಲ್ಲ, ಅದು ಥರ್ಮೋಕ್ಲೈನ್. ಅದರ ಕೆಳಗೆ ಕೊಳೆಯೋ ಎಲೆ, ಕೊಂಬೆಗಳು ಇದ್ದ ಆಮ್ಲಜನಕವನ್ನ ಖಾಲಿ ಮಾಡಿರುತ್ತವೆ, ಮೇಲಿಂದ ಹೊಸದು ಇಳಿಯಲ್ಲ. ತಂಪಾಗಿದೆ ಅಂತ ಮೀನು ಅಲ್ಲಿಗೆ ಹೋಗೋ ಹಾಗಿಲ್ಲ. ಆ ದಿನ ಸೋನಾರ್ ಪರದೆ ಮೇಲೆ ಏಳು ಮೀಟರ್ ಆಳದಲ್ಲಿ ಮಬ್ಬು ಗೆರೆಯೊಂದು ಕಾಣ್ತಿತ್ತು. "ಅದರ ಕೆಳಗೆ ಹುಡುಕ್ಬೇಡ, ಟೈಮ್ ವೇಸ್ಟು" ಅಂದ್ರು ಚಿಕ್ಕಪ್ಪ.

ಸೋನಾರ್ ಕೂಡ ಸರಳ. ನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಆರು ಮೀಟರ್ ಆಳಕ್ಕೆ ಹೋಗಿ ಬರೋಕೆ 8 ಮಿಲಿಸೆಕೆಂಡ್. ಮೀನಿನ ಮಾಂಸ ಹೆಚ್ಚುಕಮ್ಮಿ ನೀರಿನ ಥರಾನೇ, ಅಷ್ಟಾಗಿ ಪ್ರತಿಧ್ವನಿ ಕೊಡಲ್ಲ. ಹೊಳೆಯೋದು ಅದರ ಹೊಟ್ಟೆಯೊಳಗಿನ ಗಾಳಿಚೀಲ. ಈಗೀಗ ದೋಣಿ ಮುಂದಿರೋ ಮೀನು ಈಜೋದನ್ನ ವಿಡಿಯೋ ಥರ ಲೈವ್ ತೋರಿಸೋ ಸೋನಾರ್ ಬಂದಿದೆ. ಅದು ಮೋಸಾನಾ ಅಲ್ವಾ ಅಂತ ಸ್ಪರ್ಧೆಗಳಲ್ಲಿ ದೊಡ್ಡ ಜಗಳ ನಡೀತಿದೆ. ನನ್ನ ಪ್ರಕಾರ, ಕಂಡ ಮೀನೆಲ್ಲ ಕಚ್ಚತ್ತೆ ಅಂತೇನಿಲ್ಲ.

ಆ ಮೀನು

ಮೂರನೇ ಶನಿವಾರ, ಬೆಳಿಗ್ಗೆ ಹನ್ನೊಂದರ ಹತ್ತಿರ. ಮೀಟರಿನಲ್ಲಿ ಮೇಲ್ಮೈ ನೀರಿನ ತಾಪ 31 ಡಿಗ್ರಿ. ಮುಳುಗಿದ ಒಂದು ಕಾಂಡದ ಆ ಕಡೆ ಹುಳ ಬಿತ್ತು, ಗೋಜಲಾಗದೆ, ಸದ್ದಿಲ್ಲದೆ. ಎರಡು ಸಲ ಮಿಡಿದೆ. ಟಕ್. ರಾಡ್ ಇಳಿಸಿ ಸಡಿಲ ಸುತ್ತಿ ಜಗ್ಗಿದೆ. ಆ ಕಡೆಯಿಂದ ಯಾರೋ ತಿರುಗಿ ಜಗ್ಗಿದ ಹಾಗಾಯ್ತು.

ಮೀನು ನೀರಿಂದ ಮೇಲೆ ಹಾರಿ ತಲೆ ಒದರಿದಾಗ ನನ್ನ ಕಾಲು ನಡುಗ್ತಿತ್ತು. ಡ್ರ್ಯಾಗ್ ಅನ್ನೋ ಜಾರುವ ಕ್ಲಚ್ಚನ್ನ ದಾರದ ಬಲದ ಕಾಲು ಭಾಗಕ್ಕೆ ಸೆಟ್ ಮಾಡಿದ್ದಕ್ಕೆ ದಾರ ಉಳೀತು. ನನಗೆ ಮಾತ್ರ ಬೇಗ ಒಳಗೆ ತರೋಕೆ ಧೈರ್ಯ ಆಗಲಿಲ್ಲ, ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಆಡಿಸಿದೆ. ಕೊನೆಗೆ ಕೆಳದವಡೆ ಹಿಡಿದು ಎತ್ತಿದೆ. ಅಳತೆ ಪಟ್ಟಿ ಮೇಲೆ 19 ಇಂಚು.

ಆಮೇಲೆ ಫೋಟೋ. ಚಿಕ್ಕಪ್ಪನ ಮಗ, ನನ್ನ ತಮ್ಮ, ಫೋನ್ ಹುಡುಕಿದ. ಬಿಸಿಲು ಎದುರಿಗಿತ್ತು, ಈ ಕಡೆ ತಿರುಗಿದೆ. ಟೋಪಿಯ ನೆರಳು ಮುಖದ ಮೇಲೆ ಬಿತ್ತು, ಟೋಪಿ ತೆಗೆದೆ. ಒಂದು ಉದ್ದ ಫೋಟೋ, ಒಂದು ಅಡ್ಡ ಫೋಟೋ, ಒಂದು ವಿಡಿಯೋ. ವಿಡಿಯೋದಲ್ಲಿ ಮೀನು ಅಲುಗಾಡಲಿಲ್ಲ ಅಂತ ಇನ್ನೊಂದು ವಿಡಿಯೋ. "ಸಾಕು, ಬಿಡೋ" ಅಂತ ಚಿಕ್ಕಪ್ಪ ಎರಡು ಸಲ ಹೇಳಿದ್ರು. "ಒಂದೇ ನಿಮಿಷ ಚಿಕ್ಕಪ್ಪ" ಅಂದೆ. ಆಮೇಲೆ ಫೋಟೋಗಳ ಟೈಮ್ ನೋಡಿದ್ರೆ ಮೊದಲನೇದಕ್ಕೂ ಕೊನೇದಕ್ಕೂ ಮಧ್ಯೆ ಮೂರು ನಿಮಿಷ ದಾಟಿತ್ತು.

ನೀರಿಗೆ ಬಿಟ್ಟೆ. ಪಕ್ಕಕ್ಕೆ ವಾಲಿ ತೇಲ್ತು.

ಚಿಕ್ಕಪ್ಪ ಏನೂ ಮಾತಾಡದೆ ಬಗ್ಗಿ ಅದನ್ನ ನೆಟ್ಟಗೆ ಹಿಡ್ಕೊಂಡ್ರು. ಕಿವಿರಿನ ಮೂಲಕ ನೀರು ಹರೀಲಿ ಅಂತ ಎಲೆಕ್ಟ್ರಿಕ್ ಮೋಟಾರಿನಲ್ಲಿ ದೋಣಿಯನ್ನ ಮೆಲ್ಲಗೆ ಮುಂದಕ್ಕೆ ಬಿಡು ಅಂತ ತಮ್ಮನಿಗೆ ಸನ್ನೆ ಮಾಡಿದ್ರು. ಹತ್ತು ನಿಮಿಷ ಆದಮೇಲೆ ಮೀನು ಬಾಲ ಆಡಿಸಿ ಕೈಯಿಂದ ಜಾರಿ ಕೆಳಗೆ ಹೋಯ್ತು. ನಾನು ಚಪ್ಪಾಳೆ ತಟ್ಟಿದೆ, ನಾಚಿಕೆ ಆಗತ್ತೆ ಈಗ. ಇನ್ನೊಂದು ಕಾಲು ಗಂಟೆಗೆ ಸ್ವಲ್ಪ ದೂರದಲ್ಲಿ ಬಿಳೀ ಹೊಟ್ಟೆ ಮೇಲಾಗಿ ತೇಲ್ತಾ ಇರೋದು ಕಾಣಿಸ್ತು.

"ಮನೆಗೆ ತಗೊಂಡು ಹೋಗಿ ಸಾರಾದ್ರೂ ಮಾಡೋಣ" ಅಂದೆ. ಹೊಟ್ಟೆಗಾದ್ರೂ ಹೋದ್ರೆ ಸುಮ್ಮನೆ ಸತ್ತ ಹಾಗಾಗಲ್ಲ ಅಂತ.

"ಹಾಗಿಲ್ಲ ಪುಟ್ಟ. ಸ್ಲಾಟ್ ಮೀನು ಅದು."

ಲೇಕ್ ಫೋರ್ಕಿನಲ್ಲಿ 16ರಿಂದ 24 ಇಂಚಿನ ಬ್ಯಾಸ್ ಇಟ್ಕೊಳ್ಳೋ ಹಾಗಿಲ್ಲ, ತಕ್ಷಣ ಬಿಡಬೇಕು. ಮರಿ ಹಾಕೋ ವಯಸ್ಸಿನ ಮೀನುಗಳು ಉಳೀಲಿ ಅಂತ. ಸತ್ತಿದ್ರೂ ಅದೇ ನಿಯಮ. ಇಲ್ಲದಿದ್ರೆ ಎಲ್ಲರೂ 'ಸತ್ತೋಯ್ತು ಸಾರ್' ಅಂತಾನೇ ಹೇಳ್ತಾರಲ್ಲ. ಅದನ್ನ ಅಲ್ಲೇ ಬಿಟ್ಟು ಬಂದ್ವಿ.

ಯಾಕೆ ಸತ್ತಿತು ಅಂತ ಆ ರಾತ್ರಿ ಕೂತು ಓದಿದೆ. 20 ಡಿಗ್ರಿಯ ಸಿಹಿನೀರಲ್ಲಿ ಲೀಟರಿಗೆ ಹೆಚ್ಚೆಂದರೆ 9.1 ಮಿಲಿಗ್ರಾಂ ಆಮ್ಲಜನಕ ಕರಗಿರತ್ತೆ, 30 ಡಿಗ್ರಿಯಲ್ಲಿ 7.5 ಮಾತ್ರ. ಮೀನು ತಣ್ಣನೆ ರಕ್ತದ ಪ್ರಾಣಿ, ತಾಪ 10 ಡಿಗ್ರಿ ಏರಿದ್ರೆ ಅದರ ಆಮ್ಲಜನಕದ ಅಗತ್ಯ ಸುಮಾರು ಎರಡರಷ್ಟಾಗತ್ತೆ. ಸಿಗೋದು ಕಮ್ಮಿ, ಬೇಕಾಗೋದು ಜಾಸ್ತಿ. ಅದರ ಮೇಲೆ ಹೋರಾಟದಲ್ಲಿ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಸಿಡ್ ತುಂಬಿರತ್ತೆ. ಅದನ್ನ ತೀರಿಸೋಕೆ ಆಮ್ಲಜನಕ ಬೇಕು, ಆಗಲೇ ನಾವು ಗಾಳಿಗೆ ಎತ್ತಿರ್ತೀವಿ. ಕಿವಿರಿನ ಎಳೆಗಳು ನೀರಲ್ಲಿ ಪುಸ್ತಕದ ಹಾಳೆಗಳ ಹಾಗೆ ಬಿಡಿಬಿಡಿಯಾಗಿ ತೇಲ್ತಾ ಇರುತ್ತವೆ, ಗಾಳಿಗೆ ಬಂದಾಗ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸುತ್ತ ಬೇಕಾದಷ್ಟು ಆಮ್ಲಜನಕ ಇದ್ದೂ ಉಸಿರುಕಟ್ಟತ್ತೆ. ನನ್ನ ಮೂರು ನಿಮಿಷ ಅದಕ್ಕೆ ಏನಾಗಿತ್ತು ಅಂತ ಆಗ ಅರ್ಥ ಆಯ್ತು.

ಹಿಡಿದು ಬಿಡೋ ಪದ್ಧತಿಯನ್ನ ಬ್ಯಾಸ್ ಸ್ಪರ್ಧೆಗಳಿಗೆ ತಂದಿದ್ದು ರೇ ಸ್ಕಾಟ್. ಅಲಬಾಮಾದ ಇನ್ಶೂರೆನ್ಸ್ ಏಜೆಂಟ್ ಆಗಿದ್ದವರು, 1967ರಲ್ಲಿ ಆರ್ಕನ್ಸಾಸಿನ ಬೀವರ್ ಲೇಕಿನಲ್ಲಿ ಮೊದಲ ಸ್ಪರ್ಧೆ ನಡೆಸಿ, ಮರುವರ್ಷ ಒಂದು ಸಂಘ ಕಟ್ಟಿದ್ರು. ಆಗೆಲ್ಲ ಹಿಡಿದ ಮೀನುಗಳನ್ನ ಹಗ್ಗಕ್ಕೆ ಪೋಣಿಸಿ, ಸತ್ತವನ್ನ ತೂಗ್ತಿದ್ರು. 1972ರಲ್ಲಿ ಅವರು ಮೀನನ್ನ ಜೀವಂತ ಉಳಿಸಿ ವಾಪಸ್ ಬಿಡಬೇಕು ಅಂತ ಶುರು ಮಾಡಿದ ಮೇಲೆ ದೋಣಿಗಳಲ್ಲಿ ಪಂಪ್ ಇರೋ ನೀರಿನ ತೊಟ್ಟಿ ಸಾಮಾನ್ಯ ಆಯ್ತು. ಟೆಕ್ಸಾಸ್ ಸರ್ಕಾರ 1986ರಿಂದ 13 ಪೌಂಡ್ ದಾಟಿದ ಮೀನುಗಳನ್ನ ಹಿಡಿದವರಿಂದ ಸಾಲ ತಗೊಂಡು ಮರಿ ಮಾಡಿಸತ್ತೆ. ಮೊದಲು ಬಂದದ್ದು ಇದೇ ಲೇಕ್ ಫೋರ್ಕಿನ ಮೀನು, ಅದಕ್ಕೆ ಎಥೆಲ್ ಅಂತ ಹೆಸರೂ ಇಟ್ಟಿದ್ರು. ನಮ್ಮಲ್ಲೂ ಇದು ಹೊಸದಲ್ಲ. ಕಾವೇರಿಯ ಭೀಮೇಶ್ವರಿಯಲ್ಲಿ ರಾಗಿ ಉಂಡೆ ಕಟ್ಟಿ ಮಹಶೀರ್ ಹಿಡಿದು, ತೂಗಿ, ಬಿಡೋದು ವರ್ಷಗಟ್ಟಲೆ ನಡೆದಿತ್ತು. ನಮ್ಮಜ್ಜಿಗೆ ಮಾತ್ರ ಇದು ಇವತ್ತಿಗೂ ಅರ್ಥ ಆಗಿಲ್ಲ. ಫೋನಲ್ಲಿ ಹೇಳಿದಾಗ "ಹಿಡಿದ ಮೀನು ಬಿಟ್ಟು ಬಂದ್ರಾ? ತಿನ್ನಲ್ಲ ಅಂದ್ಮೇಲೆ ಅದರ ಬಾಯಿಗ್ಯಾಕೆ ಗಾಳ ಚುಚ್ಚಿದ್ರಿ?" ಅಂದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವಾರ ಅಂತೂ ಇರಲಿಲ್ಲ.

ನೀವು ಯಾವತ್ತಾದ್ರೂ ಹಿಡಿದು ಬಿಡೋರಾದ್ರೆ ಇಷ್ಟು ಮಾಡಿ. ಮುಳ್ಳು ಅಂದ್ರೆ ಹುಕ್ಕಿನ ಗಡಾರಿಯನ್ನ ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿ, ಬೇಗ ಬಿಡಿಸೋಕೆ ಆಗತ್ತೆ. ದಪ್ಪ ದಾರ ಹಾಕಿ, ಬೇಗ ಒಳಗೆ ತನ್ನಿ. ಕೈ ಒದ್ದೆ ಮಾಡ್ಕೊಂಡೇ ಮುಟ್ಟಿ, ಒಣ ಕೈ ಅದರ ಮೈಮೇಲಿನ ಲೋಳೆಯನ್ನ ಕಿತ್ತು ತೆಗೆಯತ್ತೆ. ದೊಡ್ಡದಾದ್ರೆ ದವಡೆಯಲ್ಲಿ ನೇತು ಹಾಕ್ಬೇಡಿ, ಇನ್ನೊಂದು ಕೈ ಹೊಟ್ಟೆಗೆ ಕೊಡಿ. ಫೋಟೋ ಬೇಕೇ ಬೇಕು ಅಂದ್ರೆ ಮೀನು ನೀರಲ್ಲಿರುವಾಗಲೇ ಕ್ಯಾಮೆರಾ ರೆಡಿ ಮಾಡಿ. ಎತ್ತುವಾಗ ನೀವೂ ಉಸಿರು ಹಿಡೀರಿ. ನಿಮಗೆ ಉಸಿರು ಬೇಕು ಅನ್ನಿಸಿದಾಗ ಅದಕ್ಕೂ ಬೇಕಾಗಿರತ್ತೆ. ನೀರು 30 ಡಿಗ್ರಿ ದಾಟಿದ್ರೆ ಬೆಳಗ್ಗೆ ಬೇಗ ಮುಗಿಸಿ ಮನೆಗೆ ಬನ್ನಿ.

ವಾಪಸ್ ಬರೋ ಹಿಂದಿನ ದಿನ ಚಿಕ್ಕಪ್ಪ ಇನ್ನೊಂದು ಸಲ ಕರ್ಕೊಂಡು ಹೋದ್ರು, ಆರರಿಂದ ಎಂಟರವರೆಗೆ ಮಾತ್ರ. ಎರಡು ಸಣ್ಣವು ಸಿಕ್ಕಿದ್ವು, ದೋಣಿ ಪಕ್ಕದಲ್ಲೇ ನೀರೊಳಗೆ ದವಡೆ ಹಿಡಿದು ಹುಕ್ ಬಿಡಿಸಿದೆ. ಬ್ಯಾಸಿನ ಹಲ್ಲು ಮರಳು ಕಾಗದದ ಥರ, ನಾಲ್ಕಾರು ಮೀನು ಹಿಡಿದ್ರೆ ಹೆಬ್ಬೆರಳಿನ ಚರ್ಮ ಗೀಚಿ ಗೀಚಿ ಒರಟಾಗತ್ತೆ. ಹಾಸ್ಟೆಲಿಗೆ ಬಂದಮೇಲೆ ರೂಮ್‌ಮೇಟ್ "ಎಲ್ಲಿ ಮಗಾ ಫೋಟೋ?" ಅಂದ. ಬೆರಳು ತೋರಿಸಿದೆ. ಮೊಸಳೆ ಕಚ್ಚಿತಾ ಅಂತ ಕೇಳಿದ.